ನೀರಿನಲ್ಲಿ ಮುಳುಗಿದ ಯಂತ್ರಗಳ ಪುನರುದ್ಧಾರ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರಾಂತ್ಯಗಳಿಗೆ ಸೇರಿದವು. ಇಲ್ಲಿಯ ರೈತರಿಗೆ ನೀರು ಸಾಲದೆಂಬ ಚಿಂತೆಯೇ ಹೊರತು ನೀರು ಮಿತಿಮೀರಿತೆಂಬ ಚಿಂತೆ ಅಪರೂಪ. ಗೌರಸಮುದ್ರವೇ ಮೊದಲಾದ ಊರುಗಳ ಹೆಸರಿನಲ್ಲಿರುವ ಸಮುದ್ರವೆಂಬ ಮಾತು ಕೆರೆಯನ್ನು ಸೂಚಿಸತಕ್ಕುದೇ ವಿನಾ ಕಡಲನ್ನಲ್ಲ. ಆದರೂ ಅಪರೂಪವಾದುದು ಅಸಾಧ್ಯವಾದುದಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರವು ೧೯೩೩ರ ತರುವಾಯ ಮೊದಲ ಬಾರಿಗೆ ೨೦೨೨ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದು, ವೇದಾವತಿಯು ತುಂಬಿ ಹರಿಯಿತು. ೨೦೨೫ರ ಜನವರಿಯಲ್ಲಿ ಆ ಜಲಾಶಯವು ಪುನಃ ಭರ್ತಿಯಾಯಿತು. ಹೊಳೆಯ ದಡದಲ್ಲಿಯೂ ಕೆರೆಯ ಕೆಳಗಣ ಜಮೀನುಗಳಲ್ಲಿಯೂ ಪಂಪುಮನೆಗಳನ್ನು ಕಟ್ಟಿಕೊಂಡಿರುವವರಿಗೆ ಇಂಥ ವರ್ಷಗಳಲ್ಲಿ ಯಂತ್ರವು ಮುಳುಗುವ ಭಯ ಉಂಟು. ನೆರೆಯು ಪದೇ ಪದೇ ಬರುವ ಸೀಮೆಯಲ್ಲಿ ಜನರಿಗೆ ಅಭ್ಯಾಸದಿಂದಲೇ ತಿಳಿದಿರುವ ಉಪಾಯಗಳು ಈ ಬಯಲುಸೀಮೆಯಲ್ಲಿ ತಿಳಿಯದಿರುವುದು ಸಹಜವಾದಕಾರಣ, ಅವುಗಳನ್ನು ಇಲ್ಲಿ ವಿವರಿಸಲಾಗಿದೆ.

ಕರಾವಳಿಯವರ ಅನುಭವ

ಈ ವಿಷಯದಲ್ಲಿ ಮಲ್ಪೆ, ಗಂಗೊಳ್ಳಿ, ಭಟ್ಕಳ ಮುಂತಾದ ಕಡೆಗಳ ಮೀನುಗಾರರ ಅನುಭವವು ಬೋಧಪ್ರದವಾದುದು. ಅವರ ನಾಡದೋಣಿಗಳ ಹಿಂಬದಿಗೆ ಸೀಮೆಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ನಡೆಯುವ ಸಣ್ಣ ಯಂತ್ರವನ್ನು ತಗುಲಿಸಿರುತ್ತಾರೆ. ಅಳಿವೆಯ ತೆರೆಗಳಿಗೆ ಸಿಕ್ಕಿ ದೋಣಿಯು ಮಗುಚಿದರೆ ಯಂತ್ರವು ಉಪ್ಪುನೀರಿನಲ್ಲಿ ಮುಳುಗುತ್ತದೆ. ಬಲ್ಲವರು ಅದನ್ನು ಮೇಲಕ್ಕೆತ್ತಿದ ಕೂಡಲೇ ಒಣಗಲು ಬಿಡುವುದಿಲ್ಲ. ಸಿಹಿನೀರಿನಿಂದ ಒಳಗೂ ಹೊರಗೂ ತೊಳೆದು, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ನೀರನ್ನು ಹೊರದೂಡಿ, ಕಾರ್ಬ್ಯುರೇಟರನ್ನು ಬರಿದುಮಾಡಿ, ಎಣ್ಣೆಯನ್ನು ಹಾಕಿ, ಕೆಲವೇ ಗಂಟೆಗಳಲ್ಲಿ ಅದನ್ನು ನಡೆಯಿಸುತ್ತಾರೆ. ಆ ದಿನ ಇಷ್ಟು ಕೆಲಸವು ಸಾಧ್ಯವಾಗದಿದ್ದರೆ ಯಂತ್ರವನ್ನು ಸಿಹಿನೀರು ತುಂಬಿದ ದೊಡ್ಡ ಪೀಪಾಯಿಯೊಳಗೆ ಪೂರ್ಣವಾಗಿ ಮುಳುಗಿಸಿಡುವುದುಂಟು. ನೀರಿನಿಂದ ಕೆಟ್ಟುದನ್ನು ಪುನಃ ನೀರಿನಲ್ಲಿಯೇ ಇಡುವುದು ವಿಚಿತ್ರವೆಂದು ತೋರಬಹುದು. ಆದರೆ ಅದಕ್ಕೆ ಬಲವಾದ ಕಾರಣವಿದೆ.

ತುಕ್ಕು ಹಿಡಿಯುವ ಕ್ರಮ

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ನೀರು, ಆಮ್ಲಜನಕ ಇವೆರಡೂ ಬೇಕು. ಒಂದು ಲೀಟರು ನೀರಿನಲ್ಲಿ ಕರಗಿರುವ ಆಮ್ಲಜನಕವು ಸುಮಾರು ೮ ಮಿಲಿಗ್ರಾಂ ಮಾತ್ರ. ಒಂದು ಲೀಟರು ಗಾಳಿಯಲ್ಲಿಯಾದರೋ ಸುಮಾರು ೨೭೦ ಮಿಲಿಗ್ರಾಂ ಇರುತ್ತದೆ. ಆದಕಾರಣ ಮುಳುಗಿರುವ ಯಂತ್ರವು ನಿಧಾನವಾಗಿ ಕೆಡುತ್ತದೆ. ಹೊರತೆಗೆದು ತೇವದೊಡನೆ ಗಾಳಿಗೆ ಬಿಟ್ಟ ಯಂತ್ರವು ಶೀಘ್ರವಾಗಿ ಕೆಡುತ್ತದೆ. ನೀರಿನೊಳಗೆ ಮೂರು ದಿನ ಇದ್ದುದಕ್ಕಿಂತ, ಮೇಲೆತ್ತಿದ ಬಳಿಕ ಮೆಕ್ಯಾನಿಕನನ್ನು ನಿರೀಕ್ಷಿಸುತ್ತ ಜಗಲಿಯ ಮೇಲೆ ಮೂರು ದಿನ ಇದ್ದುದರಿಂದಲೇ ಹೆಚ್ಚು ನಷ್ಟವಾಗುವುದುಂಟು.

ಉಪ್ಪು ಸೇರಿದರೆ ಹಾನಿಯು ಇಮ್ಮಡಿಸುತ್ತದೆ. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಇವು ವಿದ್ಯುತ್ತು ಹರಿಯುವುದನ್ನು ಸುಲಭಗೊಳಿಸಿ ಲೋಹದ ಸವೆತವನ್ನು ತ್ವರೆಗೊಳಿಸುತ್ತವೆ. ಅಲ್ಯೂಮಿನಿಯಮ್ಮಿನ ಮೇಲಣ ರಕ್ಷಕ ಪೊರೆಯನ್ನೂ ಒಡೆಯುತ್ತವೆ. ನೀರು ಆರಿದರೂ ಉಪ್ಪು ಉಳಿದು, ರಾತ್ರಿಯ ಗಾಳಿಯಿಂದ ತೇವವನ್ನು ಎಳೆದುಕೊಂಡು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಬಯಲುಸೀಮೆಯ ನೆರೆನೀರಿನಲ್ಲಿ ಕಡಲಿನಷ್ಟು ಉಪ್ಪಿಲ್ಲವಾದರೂ, ಚೌಳು ಭೂಮಿಯ ಮೇಲೆ ಹರಿದು ಬಂದ ನೀರು ನಿರಪಾಯಕರವೆಂದು ಎಣಿಸಲಾಗದು. ಅದರೊಡನೆ ಬರುವ ಮಣ್ಣು ಮರಳುಗಳು ಬೇರಿಂಗುಗಳನ್ನು ಅರೆದುಹಾಕುತ್ತವೆ. ಆದಕಾರಣ ತೊಳೆಯುವುದಕ್ಕೆ ಸವುಳು ಬಾವಿಯ ನೀರನ್ನು ಉಪಯೋಗಿಸದೆ ಕುಡಿಯುವ ಸಿಹಿನೀರನ್ನೇ ಉಪಯೋಗಿಸತಕ್ಕದ್ದು.

ಡೀಸಲ್ ಎಂಜಿನ್ನು

ನೀರಿನಿಂದ ತೆಗೆದ ಎಂಜಿನ್ನಿನ ಹ್ಯಾಂಡಲನ್ನು ತಿರುಗಿಸಿ ನೋಡಬೇಕೆಂಬ ಆತುರವೇ ಮೊದಲನೆಯ ಶತ್ರು. ಡೀಸಲ್ ಎಂಜಿನ್ನಿನಲ್ಲಿ ಪಿಸ್ಟನ್ನು ಗಾಳಿಯನ್ನು ಅದರ ಹದಿನಾರನೆಯ ಒಂದು ಪಾಲಿನಷ್ಟು ಸ್ಥಳಕ್ಕೆ ಒತ್ತಬಲ್ಲುದು. ನೀರಾದರೋ ಹಾಗೆ ಒತ್ತಿಗೆ ಕುಗ್ಗುವ ವಸ್ತುವಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಬಲದಿಂದ ತಿರುಗಿಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನಡೆಯುತ್ತಿರುವಾಗಲೇ ನೀರು ನುಗ್ಗಿ ನಿಂತ ಎಂಜಿನ್ನಿನಲ್ಲಿ ಈ ಹಾನಿಯು ಆಗಲೇ ಆಗಿರುವ ಸಂಭವವುಂಟು. ಅಂಥದನ್ನು ತಿಳಿದ ಕೆಲಸಗಾರನು ಬಿಚ್ಚಿ ನೋಡುವ ತನಕ ನಡೆಯಿಸಕೂಡದು.

ನಿಂತಿದ್ದಾಗ ಮುಳುಗಿದ ಎಂಜಿನ್ನಿಗೆ ಮಾಡತಕ್ಕ ಉಪಚಾರದ ಕ್ರಮವು ಹೀಗಿದೆ:

೧. ಹೊರಗಿನ ಕೆಸರು ಒಣಗುವುದಕ್ಕೆ ಮೊದಲೇ ಸಿಹಿನೀರಿನಿಂದ ಚೆನ್ನಾಗಿ ತೊಳೆಯಬೇಕು.

೨. ಕೆಳಗಿನ ತೊಟ್ಟಿಯ ಎಣ್ಣೆಯನ್ನು ಪೂರ್ಣವಾಗಿ ಬಸಿಯಬೇಕು. ನೀರು ಎಣ್ಣೆಗಿಂತ ಭಾರವಾದುದರಿಂದ ಮೊದಲು ನೀರೇ ಹೊರಬರುತ್ತದೆ. ಡೀಸಲ್ ಟ್ಯಾಂಕು, ಕೊಳವೆಗಳು, ಫಿಲ್ಟರು ಇವುಗಳನ್ನೂ ಬರಿದುಮಾಡಬೇಕು.

೩. ಇಂಜೆಕ್ಟರನ್ನೂ ಗಾಳಿಯ ಫಿಲ್ಟರನ್ನೂ ಬಿಚ್ಚಿ, ಡಿಕಂಪ್ರೆಷನ್ ಲಿವರನ್ನು ಎತ್ತಿಟ್ಟು, ಹ್ಯಾಂಡಲಿನಿಂದ ಮೆಲ್ಲನೆ ತಿರುಗಿಸಬೇಕು. ರಂಧ್ರದಿಂದ ನೀರು ರಭಸವಾಗಿ ಹೊಮ್ಮುವುದರಿಂದ ಅದರ ಎದುರಿಗೆ ಯಾರೂ ನಿಲ್ಲಕೂಡದು. ತಿರುಗುವಾಗ ಬಿಗಿತವಾಗಲಿ ಮರಳು ಅರೆಯುವ ಸದ್ದಾಗಲಿ ಕಂಡುಬಂದರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿ ಶುಚಿಮಾಡಿಸತಕ್ಕದ್ದು.

೪. ನೀರೆಲ್ಲ ಹೋದ ಮೇಲೆ ಸಿಲಿಂಡರಿಗೆ ಸ್ವಲ್ಪ ಡೀಸಲನ್ನು ಹುಯ್ದು ತಿರುಗಿಸಿ ತೊಳೆದು, ತರುವಾಯ ಸ್ವಲ್ಪ ಎಂಜಿನ್ ಎಣ್ಣೆಯನ್ನು ಹಾಕಿ ಪುನಃ ತಿರುಗಿಸಬೇಕು. ಹೆಚ್ಚಿನ ಎಣ್ಣೆಯನ್ನು ಹೊರದೂಡಿದ ಹೊರತು ಇಂಜೆಕ್ಟರನ್ನು ಜೋಡಿಸಕೂಡದು. ಆ ದಿನ ಮುಂದಿನ ಕೆಲಸವು ಸಾಗದಿದ್ದರೂ ಈ ಎಣ್ಣೆಯ ಲೇಪವೊಂದಾದರೂ ಆಗಿರಲೇಬೇಕು. ಪೀಪಾಯಿಯಲ್ಲಿ ಮುಳುಗಿಸಿಡಲಾಗದ ಭಾರವಾದ ಎಂಜಿನ್ನಿನಿಂದ ಗಾಳಿಯನ್ನು ದೂರವಿಡುವ ಉಪಾಯವು ಇದೇ.

೫. ಹೊಸ ಎಣ್ಣೆ, ಹೊಸ ಫಿಲ್ಟರು, ಶುದ್ಧ ಡೀಸಲುಗಳನ್ನು ಹಾಕಿ, ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಬಿಡಿಸಿ, ತಂಪುನೀರು ಸರಿಯಾಗಿ ಹರಿಯುವಂತೆ ನೋಡಿಕೊಂಡು, ಭಾರವಿಲ್ಲದೆ ಸುಮಾರು ಕಾಲು ಗಂಟೆ ನಡೆಯಿಸಬೇಕು. ಬಳಿಕ ನಿಲ್ಲಿಸಿ ಎಣ್ಣೆಯನ್ನು ಪರೀಕ್ಷಿಸಬೇಕು. ಅದು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಎಣ್ಣೆಯನ್ನು ಬಸಿದು ಹೊಸದನ್ನು ಹಾಕಿ, ಬಿಳುಪು ಕಾಣದಾಗುವ ತನಕ ಹೀಗೆಯೇ ಮಾಡಬೇಕು. ಎಣ್ಣೆಗಾಗಿ ಆಗುವ ಈ ಖರ್ಚು ಬೇರಿಂಗುಗಳ ಬೆಲೆಯ ಮುಂದೆ ಅಲ್ಪವಾದುದು. ಕೊನೆಗೆ ಒಂದು ಗಂಟೆಯ ಕಾಲ ನೀರೆತ್ತಿಸಿದರೆ ಎಂಜಿನ್ನಿನ ಕಾವಿನಿಂದ ಉಳಿದ ತೇವವೂ ಆರುತ್ತದೆ.

ವಿದ್ಯುತ್ ಮೋಟಾರು

ಮೋಟಾರಿನ ವಿಷಯದಲ್ಲಿ ಯಂತ್ರಕ್ಕಿಂತ ಮೊದಲು ಮನುಷ್ಯನ ಪ್ರಾಣವನ್ನು ಕುರಿತು ಯೋಚಿಸತಕ್ಕದ್ದು. ಈರುಳ್ಳಿಯೋ ಶೇಂಗಾವೋ ಒಣಗುತ್ತಿದೆ ಎಂಬ ಕಾತರದಿಂದ ತೇವವಾದ ಪಂಪುಮನೆಗೆ ನುಗ್ಗಿ ಸ್ವಿಚ್ಚಿಗೆ ಕೈಹಾಕಿದವನು ಬೆಳೆಯನ್ನು ಉಳಿಸಹೋಗಿ ಮನೆಯನ್ನೇ ಅನಾಥವಾಗಿಸಬಹುದು. ಪಂಪುಮನೆಯ ಕಬ್ಬಿಣದ ಪೆಟ್ಟಿಗೆ, ತಂತಿ, ಒದ್ದೆಯಾದ ಗೋಡೆ ಎಲ್ಲವೂ ವಿದ್ಯುತ್ತನ್ನು ಹೊತ್ತಿರಬಹುದು. ನೀರಿನಲ್ಲಿ ನಿಂತು ಇವುಗಳಲ್ಲಿ ಯಾವುದನ್ನೂ ಮುಟ್ಟಕೂಡದು. ಲೈನ್‌ಮನ್ನನಿಗೆ ತಿಳಿಸಿ, ಅಥವಾ ಬೆಸ್ಕಾಂ ಸಂಸ್ಥೆಯ ೧೯೧೨ ಸಂಖ್ಯೆಗೆ ದೂರವಾಣಿ ಮಾಡಿ, ಕಂಬದಿಂದಲೇ ಸಂಪರ್ಕವನ್ನು ತಪ್ಪಿಸಿದ ಬಳಿಕ ಒಳಹೋಗಬೇಕು.

ಬೋರುಬಾವಿಯೊಳಗಿನ ಸಬ್‌ಮರ್ಸಿಬಲ್ ಮೋಟಾರು ನೀರಿನಲ್ಲಿರುವುದಕ್ಕೆಂದೇ ರಚಿತವಾದುದು. ಅಲ್ಲಿ ಪರೀಕ್ಷಿಸಬೇಕಾದುದು ಮೇಲಿರುವ ಸ್ಟಾರ್ಟರ್ ಪೆಟ್ಟಿಗೆ ಮತ್ತು ಕೇಬಲಿನ ಜೋಡಣೆಗಳನ್ನು. ನೆಲದ ಮೇಲಣ ಮೋನೋಬ್ಲಾಕ್ ಮೋಟಾರು ಹಾಗಲ್ಲ. ಅದನ್ನು ಬಿಚ್ಚಿ, ವೈಂಡಿಂಗಿನಲ್ಲಿ ಸೇರಿದ ಕೆಸರನ್ನು ಸಿಹಿನೀರಿನಿಂದ ಮೃದುವಾಗಿ ತೊಳೆದು, ಬಿಸಿಲಿನಲ್ಲಿಯೂ ಬಿಸಿಗಾಳಿಯಲ್ಲಿಯೂ ಹಲವು ದಿನ ಒಣಗಿಸಬೇಕು. ಕಾವು ೯೦ ಡಿಗ್ರಿ ಸೆಂಟಿಗ್ರೇಡನ್ನು ಮೀರಕೂಡದು. ಬೆಂಕಿಯ ಮೇಲೆ ಹಿಡಿದರೆ ತಂತಿಯ ಹೊದಿಕೆಯು ಬೆಂದುಹೋಗುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವಿರಬಹುದಾದುದರಿಂದ, ೫೦೦ ವೋಲ್ಟಿನ ಮೆಗ್ಗರಿನಿಂದ ಪರೀಕ್ಷಿಸಿ ಕನಿಷ್ಠ ೧ ಮೆಗಓಮ್ ನಿರೋಧವು ಬಂದ ಮೇಲೆಯೇ ಸಂಪರ್ಕ ಕೊಡತಕ್ಕದ್ದು. ಬೇರಿಂಗುಗಳನ್ನೂ ನೀರು ಹೊಕ್ಕ ಕೆಪಾಸಿಟರುಗಳನ್ನೂ ಹೊಸದಾಗಿ ಹಾಕಿಸುವುದು ಲೇಸು.

ಗ್ರಾಮದ ಮುಖಂಡರು ಮಾಡಬಹುದಾದುದು

ಮಳೆಗಾಲಕ್ಕೆ ಮುಂಚೆ ತಗ್ಗಿನಲ್ಲಿರುವ ಪಂಪುಮನೆಗಳ ಪಟ್ಟಿಯನ್ನು ಮಾಡಿಟ್ಟುಕೊಂಡು, ನೀರೇರುವ ಸೂಚನೆ ಕಂಡೊಡನೆ ಎಂಜಿನ್ನುಗಳನ್ನು ಬಿಚ್ಚಿ ದಿಣ್ಣೆಗೆ ಸಾಗಿಸುವುದೇ ಎಲ್ಲಕ್ಕಿಂತ ಸುಲಭವಾದ ಚಿಕಿತ್ಸೆ. ಸ್ಟಾರ್ಟರ್ ಪೆಟ್ಟಿಗೆಗಳನ್ನು ನೆರೆಯ ಹಳೆಯ ಗುರುತಿಗಿಂತ ಎತ್ತರದಲ್ಲಿ ಜೋಡಿಸತಕ್ಕದ್ದು. ಒಂದು ಊರಿನ ಹತ್ತು ಯಂತ್ರಗಳು ಒಟ್ಟಿಗೆ ಮುಳುಗಿದಾಗ ಕೆಲಸಗಾರನೊಬ್ಬನು ಎಲ್ಲ ಕಡೆಗೂ ಅದೇ ದಿನ ಬರಲಾರನು. ಆದಕಾರಣ ತೊಳೆಯುವುದು, ಬಸಿಯುವುದು, ಎಣ್ಣೆ ಹಾಕುವುದು ಈ ಮೂರು ಕೆಲಸಗಳನ್ನಾದರೂ ಬಲ್ಲ ಇಬ್ಬರು ಮೂವರು ಯುವಕರು ಪ್ರತಿ ಊರಿನಲ್ಲಿಯೂ ಇರಬೇಕು. ವಿಮೆಯುಳ್ಳವರು ಬಿಚ್ಚುವುದಕ್ಕೆ ಮೊದಲು ಯಂತ್ರದ ಚಿತ್ರವನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ನೆರೆ ಇಳಿದ ಕೆಲವು ತಿಂಗಳಿಗೆ ಹೊಸ ಬಣ್ಣ ಬಳಿದ ಹಳೆಯ ಎಂಜಿನ್ನುಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದರೆ ಕೊಳ್ಳುವವರು ಎಚ್ಚರದಿಂದಿರತಕ್ಕದ್ದು. ಬೋಲ್ಟುಗಳ ಸಂದಿನಲ್ಲಿಯೂ ಟ್ಯಾಂಕಿನ ತಳದಲ್ಲಿಯೂ ಕೆಸರಿನ ಗುರುತು ಕಂಡರೆ, ಮುಳುಗಿದ ಬಳಿಕ ಎಷ್ಟು ದಿನಕ್ಕೆ ಉಪಚಾರ ನಡೆಯಿತೆಂದು ವಿಚಾರಿಸಬೇಕು. ಅದೇ ದಿನ ನಡೆದಿದ್ದರೆ ಆ ಎಂಜಿನ್ನು ಇನ್ನೂ ಬಹುಕಾಲ ಬಾಳಬಹುದು. ವಾರ ಕಳೆದಿದ್ದರೆ ಬಣ್ಣದ ಬೆಲೆಯನ್ನು ಮಾತ್ರ ಕೊಟ್ಟರೂ ಅದು ದುಬಾರಿಯೇ.