ತಾರೀಖಿಲ್ಲದ ನಕ್ಷೆ: ಷೇರು ವ್ಯವಹಾರದ ಒಂದು ಹಳೆಯ ವಿಧಾನದ ಗುಣದೋಷಗಳು

ಕಾಯಕವೇ ಬಾಳಿನ ಆಧಾರವೆಂದು ನಂಬಿದ ನಮ್ಮ ಸಮಾಜಕ್ಕೆ ವ್ಯಾಪಾರ ಹೊಸತಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಬೆಳಿಗ್ಗೆ ಅಂಗಡಿ ತೆರೆದು ರಾತ್ರಿ ಖಾತೆ ಹೊಂದಿಸಿ ಮಲಗುವ ಶಿಸ್ತು ಎಷ್ಟೋ ಮನೆತನಗಳಲ್ಲಿ ತಲೆತಲಾಂತರದಿಂದ ಬಂದಿದೆ. ಇಂದು ಅದೇ ಮನೆಗಳ ತರುಣರು ಅಂಗೈಯ ಮೊಬೈಲಿನಲ್ಲಿಯೇ ಷೇರುಗಳನ್ನು ಕೊಂಡು ಮಾರುತ್ತಿದ್ದಾರೆ. "ನಕ್ಷೆ ಹೇಳಿತು, ಕೊಂಡೆ" ಎಂಬ ಮಾತು ಊಟದ ಪಂಕ್ತಿಯಲ್ಲಿಯೂ ಕೇಳಿಬರುತ್ತಿದೆ. ಆದ್ದರಿಂದ ನಕ್ಷೆ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ಹಿರಿಯರೂ ಗೃಹಿಣಿಯರೂ ತಿಳಿದಿರುವುದು ಒಳ್ಳೆಯದು. ಪಾಯಿಂಟ್ ಅಂಡ್ ಫಿಗರ್ ಎಂಬ ವಿಧಾನವನ್ನು ಇಲ್ಲಿ ಪರಿಶೀಲಿಸೋಣ.

ಇದು ಅಮೆರಿಕದ ಷೇರು ಪೇಟೆಯಲ್ಲಿ ಹುಟ್ಟಿದ, ಗಣಕಯಂತ್ರಕ್ಕಿಂತ ಬಹು ಹಳೆಯದಾದ ಪದ್ಧತಿ. ವಹಿವಾಟುದಾರರು ಬೆಲೆಯ ಅಂಕೆಗಳನ್ನು ಪುಸ್ತಕದಲ್ಲಿ ಸಾಲಾಗಿ ಬರೆದಿಡುತ್ತಿದ್ದ ರೂಢಿಯೇ ಇದರ ಮೂಲ. 1933ರಲ್ಲಿ ವಿಕ್ಟರ್ ಡಿ ವಿಲಿಯರ್ಸ್ ಇದನ್ನು ಕುರಿತು ಗ್ರಂಥ ಬರೆದರು. ಮುಂದೆ 1940ರ ದಶಕದಲ್ಲಿ ಎ. ಡಬ್ಲ್ಯು. ಕೋಹೆನ್ ಅವರಿಂದ ಮೂರು ಚೌಕಗಳ ತಿರುವಿನ ಕ್ರಮ ಪ್ರಚಾರಕ್ಕೆ ಬಂದಿತು.

ಮಕ್ಕಳ ಗಣಿತದ ಚೌಕುಳಿ ಪುಸ್ತಕವೊಂದಿದ್ದರೆ ಸಾಕು, ಇದನ್ನು ಕೈಯಿಂದಲೇ ಬರೆಯಬಹುದು. ಒಂದು ಚೌಕಕ್ಕೆ 10 ರೂಪಾಯಿ ಎಂದು ಗೊತ್ತುಮಾಡಿಕೊಳ್ಳೋಣ. ಷೇರಿನ ಬೆಲೆ 500ರಿಂದ 560ಕ್ಕೆ ಏರಿದರೆ ಒಂದರ ಮೇಲೊಂದರಂತೆ 'ಎಕ್ಸ್' ಗುರುತುಗಳನ್ನು ಹಾಕುತ್ತೇವೆ. ಬೆಲೆ 535ಕ್ಕೆ ಇಳಿದರೆ ಏನನ್ನೂ ಬರೆಯುವುದಿಲ್ಲ. ಮೂರು ಚೌಕಗಳಷ್ಟು, ಅಂದರೆ 530ಕ್ಕೆ ಇಳಿದಾಗ ಮಾತ್ರ ಪಕ್ಕದ ಕಂಬದಲ್ಲಿ 550, 540, 530ರ ಎದುರು 'ಓ' ಗುರುತುಗಳು ಬೀಳುತ್ತವೆ. ಬೆಲೆ ಮತ್ತೆ ಏರತೊಡಗಿದರೆ ಮೂರನೆಯ ಕಂಬ. ಅದು ಹಿಂದಿನ ಶಿಖರವಾದ 560ನ್ನು ದಾಟಿ 570ನ್ನು ಮುಟ್ಟಿದರೆ ಕೊಳ್ಳುವ ಸೂಚನೆ. ಆಮೇಲೆ ಎಂದಾದರೂ 530ರ ತಳವನ್ನು ಮುರಿದು 520ಕ್ಕೆ ಇಳಿದರೆ ಮಾರುವ ಸೂಚನೆ.

ಈ ವಿಧಾನದ ಹಿರಿಮೆ ಇದರಲ್ಲಿಯೇ ಇದೆ. ದಿನದಿನದ ಸಣ್ಣಪುಟ್ಟ ಏರಿಳಿತಗಳು ನಕ್ಷೆಯನ್ನು ಪ್ರವೇಶಿಸುವುದೇ ಇಲ್ಲ. ವದಂತಿಗೆ ಕಿವಿಗೊಟ್ಟು ಗಳಿಗೆಗೊಮ್ಮೆ ಮನಸ್ಸು ಬದಲಿಸುವ ಚಪಲಕ್ಕೆ ಕಡಿವಾಣ ಬೀಳುತ್ತದೆ. ಯಾವ ಬೆಲೆಯಲ್ಲಿ ಕೊಳ್ಳುವವರು ಮುಂದೆ ಬಂದರು, ಯಾವ ಬೆಲೆಯಲ್ಲಿ ಮಾರುವವರು ಎದುರಾದರು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಎಲ್ಲಕ್ಕೂ ಮಿಗಿಲಾಗಿ, 570ಕ್ಕೆ ಕೊಂಡವನಿಗೆ 520ಕ್ಕೆ ಹೊರಬೀಳಬೇಕೆಂಬುದು ಕೊಳ್ಳುವ ದಿನವೇ ಗೊತ್ತಿರುತ್ತದೆ. ನೂರು ಷೇರು ಕೊಂಡಿದ್ದರೆ ಸುಮಾರು 5,000 ರೂಪಾಯಿ ನಷ್ಟಕ್ಕೆ ಸಿದ್ಧನಾಗಿರಬೇಕೆಂದು ಆತ ಮೊದಲೇ ಲೆಕ್ಕ ಹಾಕಬಲ್ಲ.

ಇನ್ನು ದೋಷಗಳು. ಮೂರು ಚೌಕಗಳಷ್ಟು ಚಲನೆಗಾಗಿ ಕಾಯುವುದರಿಂದ ಸೂಚನೆ ಯಾವಾಗಲೂ ತಡವಾಗಿಯೇ ಬರುತ್ತದೆ. 2024ರ ಜೂನ್ ತಿಂಗಳನ್ನು ನೆನೆಯಿರಿ. ಲೋಕಸಭಾ ಚುನಾವಣೆಯ ಮತ ಎಣಿಕೆಯ ಹಿಂದಿನ ದಿನ, ಜೂನ್ 3ರಂದು, ಸೆನ್ಸೆಕ್ಸ್ 76,468ಕ್ಕೆ ಏರಿತು. 4ರಂದು 72,079ಕ್ಕೆ ಕುಸಿಯಿತು. 5ರಂದು 74,382ಕ್ಕೆ ಚೇತರಿಸಿಕೊಂಡಿತು. 7ರಂದು 76,693ನ್ನು ಮುಟ್ಟಿತು. 500 ಅಂಶಗಳಿಗೊಂದು ಚೌಕವೆಂದು ದಿನದ ಮುಕ್ತಾಯದ ಅಂಕಿಗಳನ್ನು ಬರೆದವನಿಗೆ 4ರಂದು 'ಓ' ಕಂಬ, ಮರುದಿನವೇ 'ಎಕ್ಸ್' ಕಂಬ. ಕಂಬ ಬದಲಾದಂತೆಲ್ಲ ಮಾರಿ ಕೊಂಡವನು ಒಂದೇ ದಿನದಲ್ಲಿ 2,300 ಅಂಶಗಳನ್ನು ಕಳೆದುಕೊಂಡ. ಏನೂ ಮಾಡದೆ ಸುಮ್ಮನಿದ್ದವನು ವಾರದೊಳಗೆ ಇದ್ದಲ್ಲಿಗೇ ಬಂದ. ಇಂಥ ಹೊಯ್ದಾಟದಲ್ಲಿ ವಿಧಾನ ಸೋಲುತ್ತದೆ. 520ಕ್ಕೆ ಮಾರಬೇಕೆಂದಿದ್ದರೂ ಪೇಟೆ 480ಕ್ಕೆ ತೆರೆದರೆ ಮಾರಾಟ ಸುಮಾರು ಆ ಬೆಲೆಗೇ. ನಡುವಿನ ಕಂದರವನ್ನು ನಕ್ಷೆ ತೋರಿಸುವುದಿಲ್ಲ. ಚೌಕದ ಅಳತೆಯೂ ಬರೆಯುವವನ ಇಚ್ಛೆ. 10ರ ಬದಲು 5 ಎಂದರೆ ಅದೇ ಷೇರು ಬೇರೆಯೇ ಕಥೆ ಹೇಳೀತು. ಎಷ್ಟು ಷೇರು ಕೈಬದಲಾದವು, ಸಂಸ್ಥೆಯ ಸಾಲವೆಷ್ಟು, ಲಾಭವೆಷ್ಟು ಎಂಬುದೂ ಇಲ್ಲಿಲ್ಲ.

ಆದರೆ ಕುಟುಂಬಸ್ಥರು ಮುಖ್ಯವಾಗಿ ಗಮನಿಸಬೇಕಾದ ದೋಷ ಇನ್ನೊಂದುಂಟು. ಈ ನಕ್ಷೆಗೆ ಕಾಲದ ಅಳತೆಯಿಲ್ಲ. ತಿಂಗಳು ಆರಂಭವಾದಾಗ ಗುರುತಿನ ಬದಲು ಅದರ ಅಂಕೆ ಬರೆಯುವ ರೂಢಿಯಿದೆಯಾದರೂ, ಒಂದು ಕಂಬ ಎರಡು ದಿನದ್ದಾಗಬಹುದು, ಎಂಟು ತಿಂಗಳದ್ದೂ ಆಗಬಹುದು. ನಕ್ಷೆ ಕಾಯಬಲ್ಲದು, ಮನೆ ಕಾಯಲಾರದು. ಮಗಳ ಕಾಲೇಜಿನ ಶುಲ್ಕಕ್ಕೆ ತಾರೀಖುಂಟು, ಬ್ಯಾಂಕಿನ ಕಂತಿಗೆ ತಾರೀಖುಂಟು, ಮದುವೆಯ ಖರ್ಚಿಗೂ ತಾರೀಖುಂಟು. ತಾರೀಖುಳ್ಳ ಹಣವನ್ನು ತಾರೀಖಿಲ್ಲದ ನಕ್ಷೆಯ ಕೈಗೆ ಒಪ್ಪಿಸುವುದೇ ಅನೇಕರ ಸಂಕಟದ ಬೇರು.

ಷೇರು ಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮನನೀಯ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ನಡೆಸಿದ ವೈಯಕ್ತಿಕ ವಹಿವಾಟುದಾರರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಖರ್ಚು ಸೇರಿ ತಲಾ ಸರಾಸರಿ 2 ಲಕ್ಷ ರೂಪಾಯಿ. ಅವರಲ್ಲಿ ನಕ್ಷೆ ಬಲ್ಲವರು ಇರಲಿಲ್ಲವೆಂದು ಭಾವಿಸಲು ಕಾರಣವಿಲ್ಲ.

ಹಾಗೆಂದು ತರುಣರನ್ನು ಗದರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಗದರಿಕೆಗೆ ಹೆದರಿದವರು ನಷ್ಟವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ನಷ್ಟ ಸಾಲವಾಗಿ ಬೆಳೆಯುತ್ತದೆ. ನಕ್ಷೆಯ ಪುಸ್ತಕವನ್ನು ಮನೆಯವರ ಮುಂದೆ ತೆರೆದಿಡುವ ರೂಢಿಯಾಗಲಿ. ಕೊಂಡ ಬೆಲೆಯ ಪಕ್ಕದಲ್ಲಿಯೇ ಹೊರಬೀಳುವ ಬೆಲೆ ಬರೆದಿರಲಿ. ಹಾಕುವ ಹಣ ಸಾಲದ್ದಾಗದಿರಲಿ, ಮನೆಯ ಖರ್ಚಿನದೂ ಆಗದಿರಲಿ. ಕಾಯಕದ ಮೊದಲ ಗುಣ ಲೆಕ್ಕದ ಶುದ್ಧಿ. ಅದು ಉಳಿದಲ್ಲಿ ಈ ಚೌಕುಳಿ ಹಾಳೆ ಒಂದು ಉಪಕರಣ. ಅದು ಅಳಿದಲ್ಲಿ ಬರಿಯ ಪಗಡೆ ಹಾಸು.