ರೋಮಂಥವೂ ಮೇವಿನ ವಿವೇಕವೂ

ದನವು ಮೆಲುಕು ಹಾಕುವುದಕ್ಕೆ ಸಂಸ್ಕೃತದಲ್ಲಿ ರೋಮಂಥವೆಂದು ಹೆಸರು. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಶಬ್ದದಿಂದ ‘ರೋಮಂಥಾಯತೇ’ ಎಂಬ ಕ್ರಿಯಾಪದವನ್ನು ಸಾಧಿಸಿರುವನು. ದವಡೆಯ ಚಲನೆಯಿರುವಲ್ಲಿ ಮಾತ್ರ ಈ ರೂಪವು ಸಲ್ಲುವುದೆಂದು ಅನಂತರದ ವೈಯಾಕರಣರು ನಿಯಮಿಸಿದರು. ಅವರ ದೃಷ್ಟಿಯು ದವಡೆಯಲ್ಲಿ ನಿಂತಿತು. ಇಂದಿನ ಶಾಸ್ತ್ರಜ್ಞರ ದೃಷ್ಟಿಯಾದರೋ ಮೆಲುಕಿನ ನಡುವೆ ದನವು ಬಿಡುವ ತೇಗಿನ ಮೇಲಿದೆ.

ಆ ತೇಗಿನಲ್ಲಿ ಮೀಥೇನ್ ಎಂಬ ಅನಿಲವುಂಟು. ಮನುಷ್ಯನಿಗೆ ಜೀರ್ಣವಾಗದ ನಾರನ್ನು ಮೆಲುಕುಚೀಲದ ಸೂಕ್ಷ್ಮಜೀವಿಗಳು ಹುಳಿಯಿಸಿ ಒಡೆಯುತ್ತವೆ. ಆಗ ಹೊರಬೀಳುವ ಜಲಜನಕವನ್ನು ಬೇರೊಂದು ವರ್ಗದ ಜೀವಿಗಳು ಇಂಗಾಲಾಮ್ಲವಾಯುವಿನೊಡನೆ ಕೂಡಿಸಿ ಮೀಥೇನನ್ನು ಮಾಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇದು ಇಂಗಾಲಾಮ್ಲವಾಯುವಿಗಿಂತ ಸುಮಾರು 27 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸತಕ್ಕದ್ದು. ಲೋಕದ ಮಾತು ಹಾಗಿರಲಿ. ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಪಾಲು ಈ ದಾರಿಯಲ್ಲಿ ಸೋರಿಹೋಗುವುದು ಒಕ್ಕಲಿಗನ ಮನೆಯ ನಷ್ಟವೇ ಆಗಿದೆ.

ಹಿಂದಿನ ಮಾನ್ಯಖೇಟವನ್ನು ಒಳಗೊಂಡ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಈ ಕಲಬುರಗಿ ಸೀಮೆಯಲ್ಲಿ ತೊಗರಿಯೂ ಜೋಳವೂ ಹೆಸರಾದ ಬೆಳೆಗಳು. ಬೇಸಗೆಯಲ್ಲಿ ದೇವಣಿ ಆಕಳಿಗೂ ಎಮ್ಮೆಗೂ ಬಹುಮಟ್ಟಿಗೆ ಜೋಳದ ಕಣಿಕೆಯೇ ಗತಿ. ಅದು ನಾರಿನಲ್ಲಿ ಸಮೃದ್ಧ, ಸಸಾರಜನಕದಲ್ಲಿ ದರಿದ್ರ. ನಿಧಾನವಾಗಿ ಕರಗುವುದರಿಂದ ಹಾಲು ಕಡಮೆ, ಹಾಲಿನ ಲೆಕ್ಕಕ್ಕೆ ಮೀಥೇನ್ ಹೆಚ್ಚು. ಇದಕ್ಕಾಗಿ ದನವನ್ನು ದೂಷಿಸುವವರೂ ಉಂಟು. ಅದು ಅನ್ಯಾಯ, ಮನುಷ್ಯನು ತೆನೆಯನ್ನು ತೆಗೆದುಕೊಂಡು ಬಿಟ್ಟುದನ್ನಲ್ಲವೆ ಅದು ತಿನ್ನುವುದು?

ಕಣಿಕೆಯನ್ನು ಸಣ್ಣಗೆ ಕತ್ತರಿಸಿ, 100 ಕಿಲೋಗೆ 4 ಕಿಲೋ ಯೂರಿಯಾವನ್ನು 50–60 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ 21 ದಿನ ಇಟ್ಟರೆ ಅದು ಮೆತ್ತಗಾಗಿ ಸುಲಭವಾಗಿ ಜೀರ್ಣಿಸುತ್ತದೆ. ತೆರೆದ ಮೇಲೆ ಗಾಳಿಗೆ ಹರಡಿ, ಘಾಟು ಹೋದ ಬಳಿಕವೇ ದನಕ್ಕೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಕರಗದೆ ಉಳಿದ ಯೂರಿಯಾ ದೊಡ್ಡ ದನಕ್ಕೂ ವಿಷವೇ. ಇದರೊಡನೆ ತೊಗರಿಯ ಹೊಟ್ಟು, ಬೇಳೆಯ ಗಿರಣಿಗಳಲ್ಲಿ ಉಳಿಯುವ ಸಿಪ್ಪೆ-ನುಚ್ಚು, ಕುಸುಬೆಯ ಹಿಂಡಿ ಸೇರಿದರೆ ಸಸಾರಜನಕದ ಕೊರತೆ ನೀಗುವುದು. ಹಿಂಡಿಯಲ್ಲಿ ಉಳಿದ ಎಣ್ಣೆಯು ಮೀಥೇನನ್ನು ಸ್ವಲ್ಪ ತಡೆಯುವುದೂ ಉಂಟು, ಆದರೆ ಎಣ್ಣೆ ಅತಿಯಾದರೆ ನಾರಿನ ಪಚನವೇ ಕೆಡುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಒಗರುಳ್ಳ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಮೇವಿನ ಪೂರಕವನ್ನು ಸಿದ್ಧಪಡಿಸಿದ್ದಾರೆ. ಅದರಿಂದ ಮೀಥೇನ್ ನೂರಕ್ಕೆ 17ರಿಂದ 20ರಷ್ಟು ಇಳಿಯುವುದೆಂದು ಅವರ ಹೇಳಿಕೆ. ಕಷಾಯರಸವು ವಾತವರ್ಧಕವೆಂದು ಆಯುರ್ವೇದದ ಮತ. ದನದ ಹೊಟ್ಟೆಯಲ್ಲಿ ಅದೇ ರಸವು ವಾಯುವನ್ನು ಕುಗ್ಗಿಸುವುದು ವಿನೋದವೇ ಸರಿ.

ಇಲ್ಲಿ ಲೆಕ್ಕವನ್ನು ಎಚ್ಚರದಿಂದ ನೋಡಬೇಕು. ಚೆನ್ನಾಗಿ ತಿಂದ ಆಕಳು ದಿನಕ್ಕೆ ಬಿಡುವ ಮೀಥೇನ್ ಹೆಚ್ಚಾದರೂ ಆದೀತು. ಇಳಿಯುವುದು ಹಾಲಿನ ಲೀಟರಿಗೆ ಬೀಳುವ ಪಾಲು. 2 ಲೀಟರು ಕೊಡುವ ಆಕಳಿಗೂ 6 ಲೀಟರು ಕೊಡುವುದಕ್ಕೂ ದೇಹಧಾರಣೆಗೆ ಮೇವು ಬೇಕಷ್ಟೆ. ಆ ಮೇವಿನಿಂದಾದ ಅನಿಲವು ಮೊದಲನೆಯದರಲ್ಲಿ ಎರಡು ಲೀಟರಿಗೆ, ಎರಡನೆಯದರಲ್ಲಿ ಆರಕ್ಕೆ ಹಂಚಿಹೋಗುತ್ತದೆ. ಅದೇ ಹಾಲನ್ನು ಕಡಮೆ ದನಗಳಿಂದ ಪಡೆದಲ್ಲದೆ ಒಟ್ಟು ಮೊತ್ತವು ತಗ್ಗಲಾರದು.

ಮೇಯಿಸುವ ವಿಷಯಕ್ಕೆ ಬಂದರೆ, ಶಹಾಬಾದ ವಾಡಿಗಳ ಸುತ್ತ ಸುಣ್ಣಕಲ್ಲಿನ ಗಣಿಗಳು ನೆಲವನ್ನು ಅಗೆದಿವೆ. ಚಿಂಚೋಳಿಯ ಅಡವಿಯು 2011ರಲ್ಲಿ ವನ್ಯಜೀವಿಧಾಮವಾಯಿತು. ಉಳಿದ ಹುಲ್ಲುಗಾವಲನ್ನು ಭಾಗಮಾಡಿ, ಒಂದು ಚಿಗುರುವಾಗ ಇನ್ನೊಂದನ್ನು ಮೇಯಿಸುವುದು ಲೇಸು. ಹುಲ್ಲು ಬಲಿತು ಬೀಜ ಉದುರುವವರೆಗೆ ಕಾಯದೆ ಹೂವಾಡುವ ಹೊತ್ತಿಗೇ ಕೊಯ್ದು ಒಣಗಿಸಿದರೆ ಸತ್ತ್ವವು ಉಳಿಯುತ್ತದೆ. ಆದರೆ ಎಳೆಯದೇ ಮೇಲೆಂಬ ಈ ನ್ಯಾಯವು ಜೋಳಕ್ಕೆ ಅನ್ವಯಿಸದು. ಎಳೆಯ ಜೋಳದಲ್ಲಿಯೂ, ಬರದಿಂದ ಬಾಡಿದುದರಲ್ಲಿಯೂ, ಕೊಯ್ದ ಕೂಳೆಯ ಚಿಗುರಿನಲ್ಲಿಯೂ ಹೈಡ್ರೋಸಯನಿಕ್ ಎಂಬ ವಿಷವುಂಟಾಗುತ್ತದೆ. ಹಸಿದ ದನವು ಅದನ್ನು ಮೇದರೆ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದು ಸಾಯುವ ಸಂಭವವುಂಟು. ಮಳೆಯ ಮೊದಲ ಹನಿಗೆ ಕೂಳೆ ಹಸುರಾದೊಡನೆ ದನವನ್ನು ಹೊಲಕ್ಕೆ ಬಿಡದೆ, ಬೆಳೆಯು ಹೂವಾಡುವವರೆಗೂ ಕಾಯಬೇಕು.