ಕೋನವೆಂದರೆ ತಿರುಗಿದ ಅಳತೆ: ಶಾಲೆಯ ಅಂಗಳದಲ್ಲಿ ಗಣಿತ ಕಲಿಕೆ

ಐದನೆಯ ತರಗತಿಯ ಮಕ್ಕಳ ಮುಂದೆ 60 ಡಿಗ್ರಿಯ ಎರಡು ಕೋನಗಳನ್ನು, ಒಂದನ್ನು ಉದ್ದ ಗೆರೆಗಳಿಂದಲೂ ಇನ್ನೊಂದನ್ನು ಗಿಡ್ಡ ಗೆರೆಗಳಿಂದಲೂ ಬರೆದು ತೋರಿಸಿದರೆ, ಉದ್ದ ಗೆರೆಗಳ ಕೋನವೇ ದೊಡ್ಡದೆಂದು ಹೇಳುವ ಮಕ್ಕಳು ಅನೇಕರು. ಇದು ದಡ್ಡತನವಲ್ಲ, ಕೋನವನ್ನು ಹಲಗೆಯ ಮೇಲಿನ ಚಿತ್ರವಾಗಿ ಮಾತ್ರ ಕಂಡಿರುವುದರ ಫಲ. ಕೋನವು ಗೆರೆಯ ಉದ್ದವಲ್ಲ. ಒಂದು ಬಾಹುವಿನಿಂದ ಮತ್ತೊಂದಕ್ಕೆ ತಲುಪಲು ಎಷ್ಟು ತಿರುಗಬೇಕು ಎಂಬುದರ ಅಳತೆ ಅದು.

ತಾನೇ ತಿರುಗಿ ನೋಡಿದ ಮಗುವಿಗೆ ಇದು ಬೇಗ ತಿಳಿಯುತ್ತದೆ. ಅಂಗಳದಲ್ಲಿ ಪೂರ್ವಾಭಿಮುಖವಾಗಿ ನಿಂತು, ಕೋಲು ಹಿಡಿದ ಕೈಯನ್ನು ಮುಂದಕ್ಕೆ ಚಾಚಿ, ಬಲಕ್ಕೆ ಕಾಲು ಸುತ್ತು ತಿರುಗಿದರೆ ದಕ್ಷಿಣ; ಅದು 90 ಡಿಗ್ರಿಯ ಲಂಬಕೋನ. ಇನ್ನೂ ಕಾಲು ಸುತ್ತಿಗೆ ಪಶ್ಚಿಮ, 180 ಡಿಗ್ರಿ. ಪೂರ್ಣ ಸುತ್ತಿಗೆ 360. ಕೋಲು ಮೊಳದುದ್ದವಿರಲಿ, ಮಾರುದ್ದವಿರಲಿ, ತಿರುಗಿದ್ದು ಅಷ್ಟೇ. ಕಾಗದವನ್ನು ಎರಡು ಬಾರಿ ಸರಿಯಾಗಿ ಮಡಿಸಿದರೆ ಲಂಬಕೋನದ ಮಾಪಕವೊಂದು ಖರ್ಚಿಲ್ಲದೆ ದೊರೆಯುತ್ತದೆ. ಗಡಿಯಾರದ ಮುಳ್ಳುಗಳ ನಡುವೆ 3 ಗಂಟೆಗೆ 90, 4 ಗಂಟೆಗೆ 120 ಡಿಗ್ರಿ.

ಸತ್ಯನಾರಾಯಣಪೇಟೆಯ ಮಗು ಮನೆಯಿಂದ ಶಾಲೆಗೆ ಎಷ್ಟು ತಿರುವುಗಳಿವೆಯೆಂದು ಎಣಿಸಬಹುದು; ಸಿರುಗುಪ್ಪದ ಮಗು ಹೊಲದ ಮೂಲೆಗಳನ್ನು ನೋಡಬಹುದು. ಪಾಯ ಹಾಕುವ ಮೇಸ್ತ್ರಿ 3, 4 ಮತ್ತು 5 ಅಡಿಗಳಿಗೆ ದಾರ ಹಿಡಿದು ಮೂಲೆಮಟ್ಟ ನೋಡುವುದು ಸದಸ್ಯರಿಗೆ ತಿಳಿದದ್ದೇ. ಅವರನ್ನು ಒಂದು ದಿನ ಶಾಲೆಗೆ ಕರೆಸಿದರೆ ಪಾಠಕ್ಕೆ ಬೇರೆ ಉಪಕರಣ ಬೇಕಿಲ್ಲ.

ರಾಜ್ಯ ಸರ್ಕಾರವು ಅಕ್ಷರ ಫೌಂಡೇಶನ್ ಸಹಯೋಗದಲ್ಲಿ ಕೈಗೊಂಡ ಗಣಿತ ಕಲಿಕಾ ಆಂದೋಲನದಡಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಗಣಿತ ಕಿಟ್‌ಗಳನ್ನು ನೀಡಲಾಗಿದೆ. 4, 5 ಮತ್ತು 6ನೆಯ ತರಗತಿಗಳ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳೂ ನಡೆಯುತ್ತವೆ. ಬಹುಮಾನಕ್ಕೆ ನೆರವಾಗಲು ಸದಸ್ಯರು ಮುಂದೆ ಬರುವುದು ಸಂತೋಷದ ಸಂಗತಿ. ಆದರೆ ಬಹುಮಾನ ಸಲ್ಲುವುದು ಕಲಿತ ಮಗುವಿಗೆ. ಕಲಿಯಬೇಕಾದ ಮಗುವಿಗೆ ಬೇಕಾದದ್ದು ಬೀರುವಿನಿಂದ ಹೊರಬಂದ ಕಿಟ್. ಶಾಲೆಗೆ ಭೇಟಿ ನೀಡಿದಾಗ ಅದನ್ನು ತೆರೆಸಿ ನೋಡುವುದು ಸೂಕ್ತ. ಪೆಟ್ಟಿಗೆ ಹೊಸದರಂತೆಯೇ ಉಳಿದಿದ್ದರೆ ಅದನ್ನು ಒಳ್ಳೆಯ ನಿರ್ವಹಣೆಯೆಂದು ಭಾವಿಸಬಾರದು.

ಪಂಚಾಯಿತಿಗೇ ನೇರವಾಗಿ ಉಪಯುಕ್ತವಾದ ಚಟುವಟಿಕೆಯೊಂದಿದೆ. ಅಂಗವಿಕಲ ಮಕ್ಕಳಿಗಾಗಿ ಕಟ್ಟುವ ರ‍್ಯಾಂಪ್ 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಅಂದರೆ ಇಳಿಜಾರು ಸುಮಾರು 5 ಡಿಗ್ರಿ. ಕೋನಮಾಪಕದ ಕೇಂದ್ರಕ್ಕೆ ದಾರ ಕಟ್ಟಿ, ತುದಿಯಲ್ಲಿ ಕಲ್ಲು ತೂಗಿಬಿಟ್ಟು, ಅದರ ನೇರ ಅಂಚನ್ನು ಮೇಲ್ಮುಖವಾಗಿಸಿ, ರ‍್ಯಾಂಪ್ ಮೇಲಿಟ್ಟ ಉದ್ದ ಹಲಗೆಗೆ ಸಮಾನಾಂತರವಾಗಿ ಹಿಡಿಯಬೇಕು. ಸಮತಟ್ಟಾದ ನೆಲದಲ್ಲಿ ದಾರವು 90ರ ಗುರುತಿನ ಮೇಲೆ ನಿಲ್ಲುತ್ತದೆ; ಅಲ್ಲಿಂದ ಎಷ್ಟು ಸರಿಯಿತೋ ಅಷ್ಟೇ ಇಳಿಜಾರಿನ ಕೋನ. 10 ಡಿಗ್ರಿ ಸರಿದರೆ ಸುಮಾರು 6 ಅಡಿಯಲ್ಲೇ 1 ಅಡಿ ಏರಿದಂತೆ. ಗಾಲಿಕುರ್ಚಿಯ ಮಗು ಅದನ್ನು ತಾನಾಗಿ ಏರುವುದು ಕಷ್ಟ. ಮಕ್ಕಳು ಅಳೆದ ಈ ಅಂಕಿಯನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಮಂಡಿಸಲು ಅವಕಾಶ ನೀಡಿ, ಶಾಲೆಯ ಹೆಸರಿನೊಂದಿಗೆ ನಡವಳಿಯಲ್ಲಿ ದಾಖಲಿಸಬೇಕು.